ಹಿತ್ತಿಲ ಬಾಗಿಲು ಕತ್ತಲಲ್ಲಿ ತೆರೆಯುತ್ತದೆಯೇ?

ನಮ್ಮ ಮನೆಯಲ್ಲಿ ಬೆಂಕಿ ಹೊತ್ತಿಸದ ದಿನವೇ ಇಲ್ಲ. ಬೆಳಗಿನ ಜಾವ ಬಚ್ಚಲ ಒಲೆ, ಆಮೇಲೆ ದೇವರ ದೀಪ, ಅಡುಗೆಮನೆಯಲ್ಲಿ ಗ್ಯಾಸು, ಮೂಲೆಯ ಕಟ್ಟಿಗೆ ಒಲೆ, ಸಂಜೆ ಕೊಟ್ಟಿಗೆಯಲ್ಲಿ ನೊಣ ಸೊಳ್ಳೆಗಳಿಗೆ ಹಾಕುವ ಹೊಗೆ. ಅಡಿಕೆ ಕೊಯ್ಲು ಶುರುವಾದರೆ ಅಂಗಳದಾಚೆಯ ದೊಡ್ಡ ಒಲೆಯೂ ಸೇರಿಕೊಳ್ಳುತ್ತದೆ. ಅಡಿಕೆ ಬೇಯುವಷ್ಟು ಹೊತ್ತೂ ಅದು ಉರಿಯುತ್ತಿರಬೇಕು. ಮಳೆಗಾಲದಲ್ಲಿ ಒದ್ದೆ ಬಟ್ಟೆ, ಒದ್ದೆ ಕಟ್ಟಿಗೆ, ಕಂಬಳಿ ಎಲ್ಲವೂ ಬಚ್ಚಲ ಒಲೆಯ ಸುತ್ತಲೇ ಒಣಗಬೇಕು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಬರುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುವ ಒಂಟಿ ಮನೆ ನಮ್ಮದು. ಹಂಚಿನ ಮಾಡು, ಮರದ ಮುಚ್ಚಿಗೆ, ಮರದ ಕಂಬ, ಮರದ ಮೆಟ್ಟಿಲು. ಅಟ್ಟದ ತುಂಬ ಅಡಿಕೆ ಚೀಲ, ಹಾಳೆ, ಹಳೆಯ ಪೇಪರು. ಮನೆಯ ಮಗ್ಗುಲಲ್ಲಿ ವರ್ಷಕ್ಕಾಗುವಷ್ಟು ಕಟ್ಟಿಗೆ.

ಮಲೆನಾಡಿನವರಿಗೆ ಬೆಂಕಿಯ ಭಯವಿಲ್ಲ. ಆರು ವರ್ಷದ ಮಗುವೂ ಒಲೆಗೆ ಕಟ್ಟಿಗೆ ಒಟ್ಟುತ್ತದೆ. ಕಾಡಿಗೆ ಬೆಂಕಿ ಬಿದ್ದರೆ ಹಸಿ ಸೊಪ್ಪು ಮುರಿದುಕೊಂಡು ಬಡಿಯಲು ಊರೇ ಓಡುತ್ತದೆ. ನಮಗೆ ಬೆಂಕಿ ಆರಿಸುವುದು ಗೊತ್ತು. ಉರಿಯುವ ಮನೆಯನ್ನು ಬಿಟ್ಟು ಹೊರಗೆ ಬರುವುದನ್ನು ಮಾತ್ರ ನಮ್ಮಲ್ಲಿ ಯಾರೂ ಕಲಿತಿಲ್ಲ, ಯಾರೂ ಕಲಿಸಿಲ್ಲ. ನಾನು ಇದನ್ನು ಬರೆಯುತ್ತಿರುವುದು ಅದಕ್ಕಾಗಿ.

ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಊರಿನ ಒಂದು ಮನೆಯ ಕೊಟ್ಟಿಗೆ ರಾತ್ರಿ ಹೊತ್ತಿ ಉರಿಯಿತು. ಜನರಿಗೆ ಏನೂ ಆಗಲಿಲ್ಲ, ಒಂದು ಹಸು ಹೋಯಿತು. ಮಾರನೆಯ ದಿನ ನೋಡಲು ಹೋದಾಗ ಆ ಮನೆಯ ಯಜಮಾನರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು: "ಬೆಂಕಿ ಕಂಡಿದ್ದೇ ನಾವೆಲ್ಲ ನೀರಿಗೆ ಓಡಿದೆವು. ಅಮ್ಮ ಒಳಗೆ ಮಲಗಿದ್ದಾರೆ ಎಂಬುದು ಯಾರಿಗೂ ನೆನಪಾಗಲಿಲ್ಲ." ಅವರ ಅಮ್ಮ ತಾವೇ ಎದ್ದು ಗೋಡೆ ಹಿಡಿದುಕೊಂಡು ಬಂದಿದ್ದರು. ನಮ್ಮ ಅತ್ತೆ ಹಾಗೆ ಬರಲಾರರು. ಎಂಬತ್ತು ದಾಟಿದೆ, ಮಂಡಿ ನೋವು, ರಾತ್ರಿ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮನೆಗೆ ಬಂದವಳೇ ಇವರನ್ನು ಕೂರಿಸಿಕೊಂಡು ಕೇಳಿದೆ, ನಡುರಾತ್ರಿ ಮನೆಗೆ ಬೆಂಕಿ ಬಿದ್ದರೆ ಅತ್ತೆಯನ್ನು ಯಾರು ಎತ್ತಿಕೊಳ್ಳುವುದು, ಮಕ್ಕಳನ್ನು ಯಾರು ಎಬ್ಬಿಸುವುದು, ಯಾವ ಬಾಗಿಲಿಂದ ಹೊರಗೆ ಹೋಗುವುದು? ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತೇ ತೀರ್ಮಾನ ಮಾಡೋಣ" ಎಂದರು.

ಮೊದಲು ಹೊಗೆಯ ವಿಷಯ. ಮನೆಗೆ ಬೆಂಕಿ ಬಿದ್ದಾಗ ಹೆಚ್ಚಿನವರು ಸಾಯುವುದು ಸುಟ್ಟಲ್ಲ, ಹೊಗೆ ಕುಡಿದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತುತ್ತದೆ, ಬುದ್ಧಿ ಮಂಕಾಗುತ್ತದೆ, ಬಾಗಿಲು ಎದುರಿಗಿದ್ದರೂ ತೆರೆಯಲು ತೋಚುವುದಿಲ್ಲ. ಇನ್ನೊಂದು ಸಂಗತಿ, ನಿದ್ದೆಯಲ್ಲಿ ನಮ್ಮ ಮೂಗು ಕೆಲಸ ಮಾಡುವುದಿಲ್ಲ. ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಎಂದು ನಂಬಿಕೊಂಡವರು ಬಹಳ ಜನ. ನಮ್ಮ ಮನೆಗಳಲ್ಲಂತೂ ಹೊಗೆಯ ವಾಸನೆ ಹಗಲಿರುಳು ಇರುವುದರಿಂದ ಎಚ್ಚರವಿದ್ದವರೂ ಗಮನಿಸುವುದಿಲ್ಲ. ಹಳೆಯ ಹಂಚಿನ ಮನೆಯಲ್ಲಿ ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮುಚ್ಚಿಗೆ ಹೊಡೆದ ಕೋಣೆಯಲ್ಲಿ ಅದು ಮೇಲೆ ತುಂಬಿಕೊಂಡು ಕೆಳಕ್ಕೆ ಇಳಿಯುತ್ತ ಬರುತ್ತದೆ. ಹಿಂದೆ ಮಲಗುತ್ತಿದ್ದುದು ಚಾಪೆ, ಹತ್ತಿಯ ಹಾಸಿಗೆ, ಕಂಬಳಿಗಳ ಮೇಲೆ. ಈಗ ಪ್ರತಿ ಕೋಣೆಯಲ್ಲೂ ಫೋಮ್ ಹಾಸಿಗೆ, ಜಗುಲಿಯಲ್ಲಿ ಸೋಫಾ. ಇಂಥ ಸಾಮಾನು ತುಂಬಿದ ಕೋಣೆ ಬೆಂಕಿ ಹಿಡಿದ ಮೂರರಿಂದ ಐದು ನಿಮಿಷಗಳಲ್ಲೇ ಪೂರ್ತಿಯಾಗಿ ಹೊತ್ತಿಕೊಳ್ಳಬಲ್ಲದು, ಮತ್ತು ಫೋಮಿನ ಹೊಗೆ ಕಟ್ಟಿಗೆಯ ಹೊಗೆಗಿಂತ ಎಷ್ಟೋ ಪಾಲು ವಿಷ.

ಆದ್ದರಿಂದ ಹೊಗೆ ಕಂಡರೆ ಕೂಗುವ ಪುಟ್ಟ ಯಂತ್ರ ತರಿಸಿದೆವು. ಬ್ಯಾಟರಿಯಲ್ಲಿ ನಡೆಯುವಂಥದು, ನಮ್ಮಲ್ಲಿ ಕರೆಂಟನ್ನು ನಂಬಿ ಯಾವುದನ್ನೂ ಇಡುವ ಹಾಗಿಲ್ಲ. ಅಡುಗೆಮನೆ ಮತ್ತು ಬಚ್ಚಲ ಹತ್ತಿರ ಹಾಕಿದರೆ ಅದು ದಿನವೂ ಕೂಗುತ್ತದೆ, ಎರಡನೆಯ ವಾರಕ್ಕೆ ಯಾರೋ ಬ್ಯಾಟರಿ ಕಿತ್ತಿಡುತ್ತಾರೆ. ನಡುಮನೆಯ ಮುಚ್ಚಿಗೆಗೆ ಒಂದು, ಮಾಳಿಗೆಯ ಮೆಟ್ಟಿಲ ತಲೆಗೆ ಒಂದು, ಅಷ್ಟೇ ಹಾಕಿದ್ದೇವೆ. ತಿಂಗಳಿಗೊಮ್ಮೆ ಅದರ ಗುಂಡಿ ಒತ್ತಿ ಕೂಗಿಸುವುದು ಮಗನ ಕೆಲಸ. ಅತ್ತೆಗೆ ಆ ಸದ್ದು ಕೇಳಿಸುತ್ತದೆಯೇ ಎಂದು ಅವರ ಕೋಣೆಯ ಬಾಗಿಲು ಮುಚ್ಚಿಯೂ ನೋಡಿದೆವು. ಮುಚ್ಚಿದಾಗ ಕೇಳಿಸಲಿಲ್ಲ. ಅದಕ್ಕಾಗಿಯೇ ಅವರನ್ನು ಎಬ್ಬಿಸುವುದು ಒಬ್ಬರ ಹೆಸರಿಗೇ ಇರಬೇಕಾದ ಕೆಲಸ.

ಆಮೇಲೆ ಬಾಗಿಲುಗಳು. ಮಲೆನಾಡಿನ ಮನೆ ಕಳ್ಳಕಾಕರಿಗೆ, ಕಾಡುಪ್ರಾಣಿಗೆ, ಗಾಳಿಮಳೆಗೆ ಎಂದು ಕಟ್ಟಿದ್ದು. ಒಳಗೆ ಬರುವುದು ಕಷ್ಟವಾಗಲಿ ಎಂದು ಮಾಡಿದ್ದೆಲ್ಲ ಹೊರಗೆ ಹೋಗುವುದಕ್ಕೂ ಕಷ್ಟವೇ. ನಮ್ಮ ಹೆಬ್ಬಾಗಿಲಿಗೆ ಮರದ ಅಗುಳಿ, ಅದರ ಮೇಲೆ ಕಬ್ಬಿಣದ ಚಿಲಕ. ಹಿತ್ತಿಲ ಬಾಗಿಲಿಗೆ ಅಗುಳಿಯ ಜೊತೆಗೆ ಬೀಗ, ಬೀಗದ ಕೈ ದೇವರ ಕೋಣೆಯ ಗೂಟದಲ್ಲಿ. ಮಳೆಗಾಲದಲ್ಲಿ ಮರ ಉಬ್ಬಿ ಆ ಬಾಗಿಲು ಗಂಡಸರು ಎಳೆದರೂ ಬರುತ್ತಿರಲಿಲ್ಲ. ಬಾಗಿಲ ಎದುರು ಅಡಿಕೆ ಸುಲಿಯುವ ಮಣೆಗಳು, ಗೊಬ್ಬರದ ಖಾಲಿ ಚೀಲಗಳು. ಮನೆಗೆ ಎರಡು ಬಾಗಿಲಿದೆ ಎಂದು ನಾವು ಹೇಳುತ್ತಿದ್ದರೂ ರಾತ್ರಿ ಹೊತ್ತು ಒಂದೇ ಬಾಗಿಲಿನ ಮನೆಯದು.

ಆಚಾರಿಯನ್ನು ಕರೆಸಿ ಹಿತ್ತಿಲ ಬಾಗಿಲ ಅಂಚು ಹೆರೆಸಿದೆವು. ಬೀಗ ತೆಗೆದು, ಒಳಗಿನಿಂದ ಒಂದೇ ಕೈಯಲ್ಲಿ ತೆರೆಯುವ ದಪ್ಪ ಚಿಲಕ ಹಾಕಿಸಿದೆವು, ಹತ್ತು ವರ್ಷದ ಮಗನ ಕೈಗೆ ಎಟುಕುವ ಎತ್ತರಕ್ಕೆ. ಚೀಲ ಮಣೆಗಳೆಲ್ಲ ಕಣದ ಪಕ್ಕದ ಚಪ್ಪರಕ್ಕೆ ಹೋದವು. ಪ್ರತಿಯೊಬ್ಬರ ದಿಂಬಿನ ಹತ್ತಿರ ಒಂದೊಂದು ಟಾರ್ಚು. ಮಲಗುವಾಗ ಕೋಣೆಯ ಬಾಗಿಲು ಮುಚ್ಚುವುದು ಒಳ್ಳೆಯದು, ಮುಚ್ಚಿದ ಬಾಗಿಲು ಹೊಗೆಯನ್ನೂ ಬಿಸಿಯನ್ನೂ ಎಷ್ಟೋ ನಿಮಿಷ ತಡೆಯುತ್ತದೆ. ಅತ್ತೆಯ ಕೋಣೆಯದು ಮಾತ್ರ ಸ್ವಲ್ಪ ತೆರೆದೇ ಇರುತ್ತದೆ, ಕಾರಣ ಮೇಲೆ ಹೇಳಿದ್ದೇನೆ.

ಯಾರು ಯಾರನ್ನು ಎಂಬುದನ್ನು ಹೀಗೆ ನಿಶ್ಚಯಿಸಿಕೊಂಡಿದ್ದೇವೆ. ಅತ್ತೆಯನ್ನು ಎತ್ತುವುದು ಇವರ ಕೆಲಸ, ಬೇರೆ ಏನನ್ನೂ ಇವರು ಮುಟ್ಟುವ ಹಾಗಿಲ್ಲ. ಎತ್ತಲು ಆಗದಿದ್ದರೆ ಅತ್ತೆಯನ್ನು ಕಂಬಳಿಯ ಮೇಲೆ ಮಲಗಿಸಿ, ತಲೆಯ ಕಡೆಯ ಅಂಚು ಹಿಡಿದು ನೆಲದ ಮೇಲೆ ಎಳೆದುಕೊಂಡು ಬರುವುದು. ಕಾವಿ ನೆಲ ನುಣುಪಾಗಿರುವುದರಿಂದ ಇದು ಸುಲಭ. ನನ್ನೊಬ್ಬಳಿಂದಲೂ ಸಾಧ್ಯ ಎಂದು ಮಾಡಿ ನೋಡಿದ್ದೇನೆ. ಮಕ್ಕಳಿಬ್ಬರು ನನ್ನ ಪಾಲಿಗೆ. ಕೋಣೆಯಲ್ಲಿ ಹೊಗೆಯಿದ್ದರೆ ನಿಂತು ನಡೆಯಬಾರದು, ಮೊಣಕಾಲೂರಿ ಗೋಡೆ ಹಿಡಿದುಕೊಂಡು ಹೋಗಬೇಕು, ಉಸಿರಾಡುವಂಥ ಗಾಳಿ ಉಳಿದಿದ್ದರೆ ನೆಲದ ಹತ್ತಿರವೇ ಉಳಿದಿರುತ್ತದೆ. ಬಾಗಿಲು ತೆರೆಯುವ ಮೊದಲು ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು, ಬಿಸಿಯಿದ್ದರೆ ಆ ಬಾಗಿಲ ಆಸೆ ಬಿಟ್ಟು ಇನ್ನೊಂದು ದಾರಿ. ಹೊರಗೆ ಬಂದವರೆಲ್ಲ ಕಣದಂಚಿನ ಹಲಸಿನ ಮರದ ಬುಡದಲ್ಲಿ ಸೇರಬೇಕು. ಅಲ್ಲಿ ಮಗಳು ಎಲ್ಲರ ಹೆಸರು ಕರೆದು ಲೆಕ್ಕ ಹಾಕುತ್ತಾಳೆ. ಮರದ ಹತ್ತಿರ ಬಂದವರು ಮತ್ತೆ ಒಳಗೆ ಹೋಗಬಾರದು. ಚಿನ್ನಕ್ಕೂ ಇಲ್ಲ, ಪಹಣಿಗೂ ಇಲ್ಲ, ಬೆಕ್ಕಿಗೂ ಇಲ್ಲ. ಬೆಕ್ಕಿನ ವಿಷಯಕ್ಕೆ ಮಗ ಅತ್ತ. ಅವನ ಜೊತೆ ಕೂತು ಬಹಳ ಹೊತ್ತು ಮಾತಾಡಿದೆ. ಬೆಕ್ಕು ತಾನಾಗಿ ಹೊರಗೆ ಹೋಗಲು ಮಾಡಿನಲ್ಲಿ ನೂರು ಸಂದಿ ಇವೆ, ಅದನ್ನು ಹುಡುಕುತ್ತ ನೀನು ಒಳಗೆ ಉಳಿದರೆ ನಿನ್ನನ್ನು ಹುಡುಕುತ್ತ ನಾನು ಬರುತ್ತೇನೆ, ನನ್ನನ್ನು ಹುಡುಕುತ್ತ ಅಪ್ಪ ಬರುತ್ತಾರೆ ಎಂದೆ. ಅವನಿಗೆ ಅರ್ಥವಾಯಿತು.

ಇದನ್ನೆಲ್ಲ ಬಾಯಲ್ಲಿ ಹೇಳಿಕೊಂಡರೆ ಸಾಲದು, ನಡೆದು ನೋಡಬೇಕು. ನಾವು ಕರೆಂಟು ಹೋದ ಸಂಜೆಗಳನ್ನು ಆರಿಸಿಕೊಂಡೆವು. ದೀಪ ಹಚ್ಚದೆ, ಎಲ್ಲರೂ ಮಲಗಿದಲ್ಲಿಂದಲೇ ಎದ್ದು, ಮೊದಲ ಸಲ ಹೆಬ್ಬಾಗಿಲಿಂದ, ಇನ್ನೊಂದು ಸಲ ಹೆಬ್ಬಾಗಿಲು ಉರಿಯುತ್ತಿದೆ ಎಂದುಕೊಂಡು ಹಿತ್ತಿಲಿಂದ. ಅತ್ತೆ ಇದಕ್ಕೆ ಅಪಶಕುನ ಎನ್ನಬಹುದು ಎಂದು ನನಗೆ ಅಳುಕಿತ್ತು. ಅವರು ಹೇಳಿದ್ದೇ ಬೇರೆ. ಅವರ ತವರುಮನೆ ಸೋಗೆಯ ಮನೆ. ಮದುವೆಯಾಗಿ ಬರುವವರೆಗೂ ಅಡಿಕೆ ಸೋಗೆ ಹೊದೆಸಿದ ಮಾಡಿನ ಕೆಳಗೇ ಬೆಳೆದವರು. "ಸೋಗೆಗೆ ಬೆಂಕಿ ತಗುಲಿದರೆ ಆರಿಸುವ ಮಾತೇ ಇರಲಿಲ್ಲ. ಬೇಸಿಗೆ ಬಂತೆಂದರೆ ನಮ್ಮ ಅಪ್ಪ ರಾತ್ರಿ ಊಟವಾದ ಮೇಲೆ ಮಕ್ಕಳನ್ನೆಲ್ಲ ಕೇಳುತ್ತಿದ್ದರು, ಕೂಗು ಹಾಕಿದರೆ ಎಲ್ಲಿಗೆ ಓಡುತ್ತೀರಿ ಎಂದು. ಬಾವಿಕಟ್ಟೆಗೆ ಎನ್ನಬೇಕಿತ್ತು. ಹಂಚು ಬಂದ ಮೇಲೆ ಯಾರೂ ಕೇಳುವುದು ಬಿಟ್ಟರು" ಎಂದರು. ನನಗೆ ಮೈ ಜುಮ್ಮೆಂದಿತು. ಈ ಮನೆಯಲ್ಲಿ ನಾನು ಹೊಸದಾಗಿ ಶುರು ಮಾಡುತ್ತಿದ್ದೇನೆ ಎಂದುಕೊಂಡಿದ್ದ ಪದ್ಧತಿ ಅವರ ಬಾಲ್ಯದಲ್ಲಿ ಪ್ರತಿ ಬೇಸಿಗೆಯ ಪಾಠವಾಗಿತ್ತು.

ದನಗಳ ವಿಷಯವನ್ನು ಎತ್ತಿದವರೂ ಅತ್ತೆಯೇ. ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿದ ಹಸುವಿಗೆ ಓಡುವ ದಾರಿಯಿಲ್ಲ. ಗಾಬರಿಯಲ್ಲಿ ಅದು ಹಗ್ಗ ಜಗ್ಗಿದಷ್ಟೂ ಗಂಟು ಬಿಗಿಯುತ್ತದೆ, ಕೈಯಲ್ಲಿ ಬಿಚ್ಚಲು ಬರುವುದಿಲ್ಲ. ಈಗ ಗೂಟದ ಕಡೆಗೆ ಜಾರುಗಂಟು ಹಾಕುತ್ತೇವೆ, ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಕೊಟ್ಟಿಗೆಯ ಹೊರಗೋಡೆಗೆ ಒಂದು ಕತ್ತಿಯನ್ನು ಅದಕ್ಕೆಂದೇ ಸಿಕ್ಕಿಸಿಟ್ಟಿದ್ದೇವೆ. ಒಳಗೆ ಇಟ್ಟರೆ ಉಪಯೋಗವಿಲ್ಲ. ಹುಲ್ಲಿನ ಗೊಣಬೆ ಕೊಟ್ಟಿಗೆಗೆ ತಾಗಿಕೊಂಡೇ ಇತ್ತು, ಹುಲ್ಲು ಹಾಕಲು ಹತ್ತಿರ ಎಂದು. ಈ ವರ್ಷ ಅದನ್ನು ಗದ್ದೆಯ ಅಂಚಿಗೆ ಹಾಕಿಸಿದೆವು. ದಿನವೂ ಹೊತ್ತು ತರುವುದು ನಾನೇ, ತೊಂದರೆಯಿಲ್ಲ. ಸಂಜೆಯ ಹೊಗೆಯನ್ನು ನೆಲದ ಮೇಲೆ ಹಾಕುವುದು ಬಿಟ್ಟು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಹಾಕುತ್ತೇವೆ, ಮಲಗುವ ಮೊದಲು ಅದಕ್ಕೆ ನೀರು ಹೊಯ್ದು ಹೊರಗಿಡುತ್ತೇವೆ. ಮೊದಲು ಜನ, ಆಮೇಲೆ ದನ. ಈ ಕ್ರಮದಲ್ಲಿ ಮಾತ್ರ ಇಬ್ಬರಿಗೂ ಗೊಂದಲ ಇರಬಾರದು.

ಇನ್ನು ಸಹಾಯಕ್ಕೆ ಕರೆಯುವುದು. ಅಗ್ನಿಶಾಮಕ ದಳದ ಸಂಖ್ಯೆ 101, ಎಲ್ಲ ತುರ್ತಿಗೂ 112. ಸಂಖ್ಯೆ ಮಕ್ಕಳ ಬಾಯಲ್ಲೇ ಇದೆ, ಕಷ್ಟ ಇರುವುದು ಸಿಗ್ನಲ್ಲಿನದು. ನಮ್ಮ ಮನೆಯೊಳಗೆ ಮೊಬೈಲ್ ಮಾತಾಡುವುದು ವೈಫೈ ಮೇಲೆ. ಬೆಂಕಿ ಎಂದಾಗ ಮಾಡಬೇಕಾದ ಮೊದಲ ಕೆಲಸಗಳಲ್ಲಿ ಒಂದು ಮೇನ್ ಸ್ವಿಚ್ ಇಳಿಸುವುದು, ಇನ್ವರ್ಟರ್ ಆರಿಸುವುದು. ಅವೆರಡೂ ಹೋದರೆ ವೈಫೈ ಹೋಯಿತು, ಫೋನು ಸತ್ತ ಹಾಗೆ. ಮೊಬೈಲ್‌ಗೆ ನೇರವಾಗಿ ಸಿಗ್ನಲ್ ಸಿಗುವುದು ದರೆ ಹತ್ತಿದ ಮೇಲೆ, ನೀರಿನ ಟ್ಯಾಂಕಿಯ ಹತ್ತಿರ. ಹಲಸಿನ ಮರದ ಲೆಕ್ಕ ಮುಗಿದ ತಕ್ಷಣ ಮಗಳು ಫೋನು ಹಿಡಿದು ಅಲ್ಲಿಗೆ ಓಡಬೇಕು ಎಂದು ಗೊತ್ತು ಮಾಡಿದ್ದೇವೆ. ಮೊದಲು 101, ಆಮೇಲೆ ಪಕ್ಕದ ಮನೆಯವರಿಗೆ. ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದು ಅವಳ ಫೋನಿನ ಕವರಿನೊಳಗೆ ಇಟ್ಟಿದ್ದೇವೆ: ಊರು, ಗ್ರಾಮ ಪಂಚಾಯಿತಿ, ಟಾರು ರಸ್ತೆಯಲ್ಲಿ ಎಲ್ಲಿ ತಿರುಗಬೇಕು, ಒಳಗೆ ಯಾರಾದರೂ ಉಳಿದಿದ್ದಾರೆಯೇ, ಗ್ಯಾಸ್ ಸಿಲಿಂಡರ್ ಎಲ್ಲಿದೆ. ಪಕ್ಕದ ಮನೆಯವರು ಟಾರು ರಸ್ತೆಯ ತಿರುವಿನಲ್ಲಿ ಟಾರ್ಚು ಹಿಡಿದು ನಿಲ್ಲುತ್ತೇವೆಂದು ಒಪ್ಪಿಕೊಂಡಿದ್ದಾರೆ, ಅವರ ಮನೆಯ ವಿಷಯದಲ್ಲಿ ನಾವೂ ಹಾಗೆಯೇ.

ಅಗ್ನಿಶಾಮಕ ವಾಹನ ಸಾವಿರಾರು ಲೀಟರ್ ನೀರು ಹೊತ್ತ ಭಾರದ ಲಾರಿ. ಅದು ತೀರ್ಥಹಳ್ಳಿಯಿಂದ ಹೊರಟು ನಮ್ಮ ತಿರುವಿಗೆ ಬಂದರೂ ಹಳ್ಳದ ಮೇಲಿನ ಸಂಕ ದಾಟಲಾರದು, ದಣಪೆಯ, ಅಂದರೆ ಬೇಲಿಯ ದಾರಿಬಾಗಿಲ, ಅಗಲ ಜೀಪಿಗಷ್ಟೇ ಸಾಕು. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ದಣಪೆಯ ಕಲ್ಲುಕಂಬವನ್ನು ನಾವೇ ಸರಿಸಿ ಅಗಲ ಮಾಡಿಕೊಂಡೆವು. ಒಂಟಿ ಮನೆಯವರು ಇದನ್ನು ಖಂಡಿತ ಯೋಚಿಸಬೇಕು: ಅಡಿಕೆ ಸಾಗಿಸುವ ಲಾರಿ ನಿಮ್ಮ ಅಂಗಳಕ್ಕೆ ಬರುತ್ತದೆಯೇ? ಬರದಿದ್ದರೆ ಅಗ್ನಿಶಾಮಕ ವಾಹನವೂ ಬರುವುದಿಲ್ಲ. ಅಂದ ಮೇಲೆ ಮೊದಲ ಮುಕ್ಕಾಲು ಗಂಟೆ ನಾವೇ ನಾವು.

ಆ ಮುಕ್ಕಾಲು ಗಂಟೆಗೆ ನೀರು ಎಲ್ಲಿಂದ? ಬಾವಿಯ ಮೋಟಾರು ಕರೆಂಟು ತೆಗೆದ ಮೇಲೆ ಓಡುವುದಿಲ್ಲ, ಇದನ್ನು ಯಾರೂ ಯೋಚಿಸುವುದಿಲ್ಲ. ದೇವರ ದಯೆಯಿಂದ ನಮಗೆ ಗುಡ್ಡದ ಅಬ್ಬಿ ನೀರಿದೆ, ಪೈಪಿನಲ್ಲಿ ತಾನಾಗಿ ಹರಿದು ಬರುತ್ತದೆ. ಅದಕ್ಕೆ ಅಂಗಳದಲ್ಲೊಂದು, ಹಿತ್ತಿಲಲ್ಲೊಂದು ದೊಡ್ಡ ನಲ್ಲಿ ಕೂರಿಸಿ, ಮನೆಯ ಎರಡೂ ಮೂಲೆ ಮುಟ್ಟುವಷ್ಟು ಉದ್ದದ ಪೈಪು ಸುತ್ತಿ ಇಟ್ಟಿದ್ದೇವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪೆಟ್ರೋಲ್ ಪಂಪು ಬಹಳ ತೋಟಗಳಲ್ಲಿದೆ. ಡ್ರಮ್ಮಿನಲ್ಲಿ ನೀರು ತುಂಬಿಸಿದರೆ ಅದೇ ಪಂಪು ಅಡಿಕೆ ಮರದ ಕೊನೆಗೆ ಮುಟ್ಟಿಸುವ ನೀರನ್ನು ಮಾಡಿಗೂ ಮುಟ್ಟಿಸುತ್ತದೆ. ಮಳೆಗಾಲ ಮುಗಿದ ಮೇಲೆ ತೊಳೆದು ಅಟ್ಟಕ್ಕೆ ಏರಿಸಿಬಿಡುವ ಬದಲು ನಾವು ಬೇಸಿಗೆ ಪೂರ್ತಿ ಅದನ್ನು ಚಪ್ಪರದಲ್ಲೇ, ಡ್ರಮ್ಮಿನ ಪಕ್ಕದಲ್ಲೇ ಇಡುತ್ತೇವೆ. ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್ ಕ್ಯಾನು ಮಾತ್ರ ಮನೆಯಿಂದ ದೂರದ ಗೂಡಿಗೆ ಹೋಯಿತು.

ಅಡುಗೆಮನೆಯ ಕತೆ ದೊಡ್ಡದು. ಗ್ಯಾಸ್ ಮತ್ತು ಕಟ್ಟಿಗೆ ಒಲೆ ಒಂದೇ ಕೋಣೆಯಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟೋ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿಕೊಂಡು ಹೋಗಿ ಕಟ್ಟಿಗೆ ಒಲೆಯ ಕೆಂಡವನ್ನೇ ಮುಟ್ಟುತ್ತದೆ. ದ್ರವವಾಗಿದ್ದ ಅನಿಲ ಹೊರಗೆ ಬಂದು ಹಬ್ಬಿದರೆ ಸುಮಾರು 250 ಪಟ್ಟು ಜಾಗ ತುಂಬುತ್ತದೆ. ನಾವು ಗ್ಯಾಸನ್ನು ಕೋಣೆಯ ಈಚೆಯ ತುದಿಗೆ, ಕಿಟಕಿಯ ಹತ್ತಿರ ತಂದೆವು. ವಾಸನೆ ಬಂದರೆ ದೀಪ ಹಾಕಬಾರದು, ಹಾಕಿದ್ದ ದೀಪ ಆರಿಸಲೂಬಾರದು, ಸ್ವಿಚ್ಚಿನ ಸಣ್ಣ ಕಿಡಿ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನು ಮಾಡಬೇಕು. ಅನಿಲ ಸೋರಿಕೆಗೆಂದೇ ಇರುವ, ದಿನವಿಡೀ ನಡೆಯುವ ಸಹಾಯವಾಣಿ ಅದು. ರಬ್ಬರ್ ಪೈಪು ಐದು ವರ್ಷಕ್ಕೊಮ್ಮೆ ಬದಲಾಗಬೇಕು. ಇನ್ನೊಂದು, 14.2 ಕಿಲೋದ ಪ್ರತಿ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಗೆ ಒಂದು ಅಕ್ಷರ ಮತ್ತು ವರ್ಷ ಬರೆದಿರುತ್ತದೆ. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಅವಧಿ ಮೀರಿದ್ದರೆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕಾಗಿತ್ತು ಎಂದು ಅರ್ಥ, ತೆಗೆದುಕೊಳ್ಳಬಾರದು. ಗ್ಯಾಸಿನ ಗಾಡಿ ಬಂದಾಗ ಇದನ್ನು ಓದಿ ಹೇಳುವವನು ಮಗ. ಗೋಬರ್ ಗ್ಯಾಸಿನ ಪೈಪಿಗೂ ಮನೆಯ ಹೊರಗೆ ಒಂದು ವಾಲ್ವ್ ಇದೆ, ಅದು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು.

ಎಣ್ಣೆಯ ಬೆಂಕಿಗೆ ನೀರು ಹಾಕಬಾರದು ಎಂಬುದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಹಲಸಿನ ಹಪ್ಪಳ, ಚಿಪ್ಸ್ ಕರಿಯುವ ದಿನಗಳಲ್ಲಿ ದೊಡ್ಡ ಬಾಣಲೆಯ ತುಂಬ ಎಣ್ಣೆ ಕಾಯುತ್ತಿರುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಆಗುತ್ತದೆ. ಉರಿಯುವ ಎಣ್ಣೆಯ ಅಡಿಗೆ ಇಳಿದ ನೀರು ಥಟ್ಟನೆ ಹಾಗೆ ಉಬ್ಬಿದಾಗ ಉರಿಯುವ ಎಣ್ಣೆಯನ್ನೇ ಮುಚ್ಚಿಗೆಯವರೆಗೆ ಹಾರಿಸುತ್ತದೆ. ಬಾಣಲೆಗಿಂತ ಅಗಲವಾದ ಹರಿವಾಣ ಕರಿಯಲು ಕೂರುವಾಗಲೇ ಪಕ್ಕದಲ್ಲಿರಬೇಕು. ಗ್ಯಾಸು ಆರಿಸಿ, ಹರಿವಾಣವನ್ನು ನಮ್ಮ ಕಡೆಯಿಂದ ಆಚೆಗೆ ಸರಿಸುತ್ತ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯದೆ ಬಿಡುವುದು. ಅಡುಗೆಮನೆಯ ಬಾಗಿಲ ಪಕ್ಕ, ಒಲೆಯಿಂದ ದೂರ, ಒಣಪುಡಿಯ 4 ಕಿಲೋ ಅಗ್ನಿನಂದಕ ತೂಗುಹಾಕಿದ್ದೇವೆ, ಐಎಸ್ಐ ಗುರುತಿನದು. ಪಿನ್ನು ಎಳೆದು, ಉರಿಯ ಬುಡಕ್ಕೆ ಗುರಿಯಿಟ್ಟು, ಅತ್ತಿಂದಿತ್ತ ಆಡಿಸಬೇಕು. ಹತ್ತು ಹದಿನೈದು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಬೆಂಕಿ ನನ್ನ ಎದೆಯೆತ್ತರ ದಾಟಿದ್ದರೆ ಅದನ್ನು ಮುಟ್ಟುವುದೇ ಇಲ್ಲ, ಹಲಸಿನ ಮರಕ್ಕೆ.

ಬೂದಿಯ ಬಗ್ಗೆ ಒಂದು ಮಾತು. ಬಚ್ಚಲ ಒಲೆಯ ಬೂದಿ ಬೆಳಗ್ಗೆ ತಣ್ಣಗೆ ಕಂಡರೂ ಒಳಗಿನ ಕೆಂಡ ಮಾರನೆಯ ದಿನದವರೆಗೂ ಜೀವ ಹಿಡಿದಿರುತ್ತದೆ. ಅದನ್ನು ಅಡಿಕೆ ಹಾಳೆಯಲ್ಲೋ ಪ್ಲಾಸ್ಟಿಕ್ ಬುಟ್ಟಿಯಲ್ಲೋ ತುಂಬಿ ದರಕಿನ (ಒಣಗಿ ಉದುರಿದ ಎಲೆಯ) ರಾಶಿಯ ಪಕ್ಕದ ಗೊಬ್ಬರಗುಂಡಿಗೆ ಸುರಿಯುವುದು ನಮ್ಮ ಕಡೆಯ ರೂಢಿ. ಬೇಸಿಗೆಯ ಗಾಳಿಗೆ ಅಷ್ಟು ಸಾಕು. ಈಗ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ, ಎರಡು ದಿನ ಬಿಟ್ಟು ತೋಟಕ್ಕೆ ಒಯ್ಯುತ್ತೇವೆ. ಒಲೆಯ ಮೇಲಿನ ಬಟ್ಟೆಯ ಹಗ್ಗ ರಾತ್ರಿ ಖಾಲಿ ಇರುತ್ತದೆ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಮನೆಯ ಸುತ್ತ ಮೂವತ್ತು ಅಡಿ ದರಕು ಗುಡಿಸುತ್ತೇವೆ, ಹಂಚಿನ ಸಂದಿಯಲ್ಲಿ ಸೇರಿದ್ದನ್ನೂ ಸೇರಿಸಿ.

ವೈರಿಂಗ್ ನೋಡಲು ಬಂದ ಎಲೆಕ್ಟ್ರಿಷಿಯನ್ ಮುಚ್ಚಿಗೆಯ ಮೇಲೆ ಹತ್ತಿ ಇಳಿದವನು ಇಲಿ ಕಡಿದು ತಾಮ್ರ ಕಾಣುತ್ತಿದ್ದ ತಂತಿ ತಂದು ತೋರಿಸಿದ. ಅದು ಅಡಿಕೆ ಚೀಲಗಳ ಮೇಲೆಯೇ ಹಾದಿತ್ತು. ಹಳೆಯ ಫ್ಯೂಸಿನಲ್ಲಿ ಯಾರೋ ದಪ್ಪ ತಂತಿ ಸುತ್ತಿದ್ದರು. ಹಾಗೆ ಮಾಡಿದರೆ ಫ್ಯೂಸ್ ಹೋಗುವ ಬದಲು ಗೋಡೆಯೊಳಗಿನ ತಂತಿ ಕಾಯುತ್ತದೆ. ಹಳೆಯದನ್ನೆಲ್ಲ ತೆಗೆಸಿ, ಹೊರೆ ಮೀರಿದರೆ ತಾನಾಗಿ ಬೀಳುವ ಎಂಸಿಬಿ, ಕರೆಂಟು ಸೋರಿದರೆ ತಾನಾಗಿ ಬೀಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಖರ್ಚು ಬಿತ್ತು, ಅಡಿಕೆ ಮಾರಿದ ದುಡ್ಡಿನಲ್ಲಿ ಇದಕ್ಕಿಂತ ಸಾರ್ಥಕ ಖರ್ಚು ನಾನು ಕಂಡಿಲ್ಲ. ಮೇನ್ ಇಳಿಸಿದರೂ ಇನ್ವರ್ಟರ್ ಮನೆಯ ಅರ್ಧ ತಂತಿಗಳಿಗೆ ಕರೆಂಟು ಕೊಡುತ್ತಲೇ ಇರುತ್ತದೆ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಎರಡೂ ಸ್ವಿಚ್ಚುಗಳಿಗೆ ಕೆಂಪು ಬಣ್ಣ ಬಳಿದಿದ್ದೇವೆ.

ಕಾಗದಪತ್ರಗಳ ಫೋಟೋ ತೆಗೆದು ಬೆಂಗಳೂರಿನ ಮೈದುನನಿಗೆ ಕಳಿಸಿದ್ದೇವೆ. ವಿಮೆಗೆ, ಏಪ್ರಿಲ್ 2021ರಿಂದ ಎಲ್ಲ ಕಂಪನಿಗಳೂ ಕೊಡುವ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಬೆಂಕಿ, ಸಿಡಿಲು ಎರಡೂ ಅದರಲ್ಲಿವೆ. ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ ಮನೆಯ ಸಾಮಾನಿಗೂ ಸಿಗುತ್ತದೆ. ಅಟ್ಟದ ಮೇಲಿನ ಅಡಿಕೆಯ ವಿಷಯವನ್ನು ಏಜೆಂಟರ ಹತ್ತಿರ ಬರಹದಲ್ಲಿ ಕೇಳಿಕೊಳ್ಳಿ.

ಮೈಗೆ ಬೆಂಕಿ ಹತ್ತಿದರೆ ಓಡಬಾರದು. ನಿಂತಲ್ಲೇ ನೆಲಕ್ಕೆ ಬಿದ್ದು, ಮುಖ ಮುಚ್ಚಿಕೊಂಡು ಉರುಳಬೇಕು. ಹತ್ತಿರದವರು ಉಣ್ಣೆಯ ಕಂಬಳಿ ಹೊದೆಸಬೇಕು, ಪಾಲಿಯೆಸ್ಟರ್ ರಗ್ಗು ಅಲ್ಲ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಬೇಕು. ಪೇಸ್ಟು, ಅರಿಶಿನ, ಎಣ್ಣೆ, ಐಸು ಯಾವುದೂ ಬೇಡ. ಶುಭ್ರವಾದ ಹತ್ತಿ ಬಟ್ಟೆ ಮುಚ್ಚಿ 108ಕ್ಕೆ ಕರೆ ಮಾಡಬೇಕು. ನಮ್ಮ ಊರಿನಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟಲು ಹಿಡಿಯುವ ಹೊತ್ತು ನೋಡಿದರೆ, ಆ 20 ನಿಮಿಷದ ನೀರು ಮನೆಯಲ್ಲೇ ಆಗಬೇಕಾದ ಚಿಕಿತ್ಸೆ.

ದೀಪಾವಳಿಗೆ ಮೈದುನನ ಸಂಸಾರ ಬರುತ್ತದೆ. ಮನೆ ತುಂಬ ಹಾಸಿಗೆ, ಜಗುಲಿ ತುಂಬ ಹಣತೆ, ಅಂಟಿಗೆ ಪಂಟಿಗೆಯವರು ರಾತ್ರಿ ದೀಪ ಹಿಡಿದು ಹಾಡುತ್ತ ಬರುತ್ತಾರೆ. ಬಂದ ದಿನವೇ ಅವರ ಮಕ್ಕಳಿಗೂ ಎರಡು ಬಾಗಿಲು, ಚಿಲಕ, ಹಲಸಿನ ಮರ ತೋರಿಸಬೇಕು. ಆ ಕೆಲಸವನ್ನು ಅತ್ತೆ ತಾವೇ ಮಾಡುತ್ತೇನೆಂದು ಹೇಳಿದ್ದಾರೆ. ಉಳಿದಿರುವುದು ಮಾಳಿಗೆಯ ಕೋಣೆ ಒಂದೇ. ಪಿಯುಸಿ ಓದುವ ಮಗಳು ಅಲ್ಲಿ ಮಲಗುತ್ತಿದ್ದಳು. ಇಳಿಯಲು ಕಡಿದಾದ ಮರದ ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ, ಕಿಟಕಿಗೆ ಕಬ್ಬಿಣದ ಸರಳು. ಆ ಸರಳುಗಳ ಚೌಕಟ್ಟಿಗೆ ತಿರುಗಣೆ ಹಾಕಿ ಒಳಗಿನಿಂದ ತೆರೆಯುವ ಹಾಗೆ ಮಾಡಿದರೆ ಜಗುಲಿಯ ಮಾಡಿನ ಮೇಲೆ ಇಳಿಯಬಹುದು, ಅಲ್ಲಿಂದ ಕೆಳಕ್ಕೆ ಹಗ್ಗದ ಏಣಿ ಸಾಕು. ವೆಲ್ಡಿಂಗಿನವರು ಮಳೆ ನಿಂತ ಮೇಲೆ ಬರುತ್ತೇನೆಂದಿದ್ದಾರೆ. ಅವರು ಬಂದು ಹೋಗುವವರೆಗೆ ಮಗಳು ಪುಸ್ತಕಗಳ ಜೊತೆ ಕೆಳಗೆ, ಅಜ್ಜಿಯ ಕೋಣೆಯಲ್ಲಿ ಮಲಗುತ್ತಾಳೆ.